ಸಾಯುವ ಮುನ್ನ ಕಾರ್ಡು ಉಜ್ಜಿರಿ

ಬಳ್ಳಾರಿ ಜಿಲ್ಲೆಯ ಬಡವರಿಗೆ ಸಾಯುವುದು ಬರುವುದಿಲ್ಲ. ಮಾತು ಕಟುವಾಯಿತು ಅನ್ನಿಸಬಹುದು. ವಿಮೆಯ ನಿಯಮಗಳನ್ನು ಒಮ್ಮೆ ಓದಿದವರು ಒಪ್ಪುತ್ತಾರೆ. ಕೌಲ್‌ಬಜಾರಿನ ಹಮಾಲಿ ಬಿಸಿಲಿಗೆ ಕುಸಿದು ಬೀಳುತ್ತಾನೆ. ಸಿರುಗುಪ್ಪದಲ್ಲಿ ನಾಟಿಗೆ ಹೋದ ಹೆಣ್ಣುಮಗಳಿಗೆ ಬದುವಿನ ಮೇಲೆ ಹಾವು ಕಡಿಯುತ್ತದೆ. ಕುರುಗೋಡಿನ ಹುಡುಗ ಮೆಣಸಿನಕಾಯಿ ಚೀಲ ಹೇರಿದ ಲಾರಿಯ ಮೇಲಿಂದ ಜಾರುತ್ತಾನೆ. ಇವರಲ್ಲಿ ಒಬ್ಬರಾದರೂ ಅದಕ್ಕೆ ಮೊದಲು ಪಾಸ್‌ಬುಕ್ ತೆಗೆದು ನೋಡಿದ್ದುಂಟೇ? ಎಟಿಎಂ ಕಾರ್ಡು ಉಜ್ಜಿ ಎಷ್ಟು ದಿನವಾಯಿತೆಂದು ಬೆರಳು ಮಡಚಿದ್ದುಂಟೇ? ಇಲ್ಲ. ಮನಸ್ಸಿಗೆ ಬಂದಂತೆ ಸಾಯುತ್ತಾರೆ. ಆಮೇಲೆ ಮನೆಯವರು ಬ್ಯಾಂಕಿಗೆ ಬಂದು, ‘ರೊಕ್ಕ ಬರ್ತೈತಂತಲ್ಲ ಸಾರ್’ ಎಂದು ನಿಲ್ಲುತ್ತಾರೆ.

ಕಾರ್ಡು ಉಜ್ಜುವ ಮಾತು ನಾನು ಕಟ್ಟಿದ್ದಲ್ಲ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಯಿತಲ್ಲ, ಆ ಖಾತೆಯ ಜೊತೆ ರೂಪೇ ಕಾರ್ಡು ಕೊಟ್ಟರು, ಕಾರ್ಡಿನೊಳಗೆ ಅಪಘಾತ ವಿಮೆ ಇಟ್ಟರು. ಮೊದಲು ಒಂದು ಲಕ್ಷ; 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ ಎರಡು ಲಕ್ಷ. ಕಂತಿಲ್ಲ, ಅರ್ಜಿಯಿಲ್ಲ, ಪುಕ್ಕಟೆ. ಸಣ್ಣದೊಂದು ಷರತ್ತಿದೆ: ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಆ ಕಾರ್ಡಿನಿಂದ ಒಂದಾದರೂ ವ್ಯವಹಾರ ನಡೆದಿರಬೇಕು. ತೊಂಬತ್ತೊಂದನೆಯ ದಿನ ಟ್ರ್ಯಾಕ್ಟರು ಮಗುಚಿದರೆ ಅದು ನಿಮ್ಮ ಖಾಸಗಿ ವಿಷಯ.

ಬಡವರ ಮನೆಯಲ್ಲಿ ಆ ಕಾರ್ಡು ಎಲ್ಲಿರುತ್ತದೆ? ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಮಡಿಕೆಯೊಳಗೆ, ಕಳೆದುಹೋದೀತೆಂಬ ಭಯಕ್ಕೆ ಭದ್ರವಾಗಿ. ದುಡ್ಡು ಬೇಕಾದಾಗ ಊರೊಳಗಿನ ಬ್ಯಾಂಕ್ ಮಿತ್ರನ ಹತ್ತಿರ ಹೋಗಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಆಧಾರ್ ಸಾಕು, ಕಾರ್ಡು ಬೇಡ. ಕಾರ್ಡಿಲ್ಲದೆ ಬದುಕುವುದನ್ನು ಕಲಿಸಿದವರೇ ಕಾರ್ಡಿಲ್ಲದೆ ಸಾಯಬೇಡಿ ಎನ್ನುತ್ತಿದ್ದಾರೆ. ಹಾಗಾಗಿ ನನ್ನದೊಂದು ಸಲಹೆ. ಯುಗಾದಿ, ಕಾರಹುಣ್ಣಿಮೆ, ಗಣೇಶ ಚೌತಿ, ದೀಪಾವಳಿ, ಸಂಕ್ರಾಂತಿ, ಈ ಐದು ಹಬ್ಬಕ್ಕೂ ಎಣ್ಣೆಸ್ನಾನ ಮುಗಿಸಿ ಮನೆಮಂದಿಯೆಲ್ಲ ಬಳ್ಳಾರಿಯ ಗಡಿಗಿ ಚನ್ನಪ್ಪ ವೃತ್ತದ ಕಡೆ ಬಂದು ಎಟಿಎಂ ದರ್ಶನ ಮಾಡಿ ಹೋಗಬೇಕು. ಎರಡು ಹಬ್ಬಗಳ ನಡುವೆ 90 ದಿನ ಮೀರುವುದಿಲ್ಲ, ನಾನು ಪಂಚಾಂಗ ಹಿಡಿದು ನೋಡಿದ್ದೇನೆ. ಅಧಿಕ ಮಾಸ ಬಂದ ವರ್ಷ ಮಾತ್ರ ಹುಷಾರಾಗಿರಬೇಕು. ಆ ವರ್ಷ ಲಾರಿ ಹತ್ತದಿರುವುದೇ ಕ್ಷೇಮ.

ಅದೇ ಜನಧನದೊಳಗೆ 30,000 ರೂಪಾಯಿಯ ಜೀವವಿಮೆಯೂ ಇತ್ತು. 2014ರ ಆಗಸ್ಟ್ 15ರಿಂದ 2015ರ ಜನವರಿ 31ರೊಳಗೆ, ಹುಟ್ಟಿದ ಮೇಲೆ ಮೊದಲ ಸಲ ಖಾತೆ ತೆರೆದವರಿಗೆ ಮಾತ್ರ. ಒಂದು ಮನೆಗೆ ಒಬ್ಬರಿಗೆ ಮಾತ್ರ. ಮುಹೂರ್ತ ನೋಡಿ ಮದುವೆ ಮಾಡುವ ನಾಡಿನಲ್ಲಿ ಮುಹೂರ್ತ ನೋಡಿ ಬಡವರಾಗಬಾರದೇಕೆ ಎಂದು ಯೋಜನೆ ಮಾಡಿದವರು ಯೋಚಿಸಿರಬೇಕು.

ಇಷ್ಟು ಹೇಳಿದ ಮೇಲೆ ಇನ್ನೆರಡು ಯೋಜನೆಗಳ ಹೆಸರು ಎತ್ತಲೇಬೇಕು. 2015ರ ಮೇ 9ರಂದು ಪ್ರಧಾನಿ ಕೋಲ್ಕತ್ತಾದಲ್ಲಿ ಉದ್ಘಾಟಿಸಿದವು: ಜೀವನ ಜ್ಯೋತಿ ಮತ್ತು ಸುರಕ್ಷಾ. ಮೊದಲನೆಯದಕ್ಕೆ ವರ್ಷಕ್ಕೆ 330 ರೂಪಾಯಿ, ಎರಡನೆಯದಕ್ಕೆ 12. 2022ರ ಜೂನ್ 1ರಿಂದ ಅವು 436 ಮತ್ತು 20 ಆದವು. ಯಾವ ಕಾರಣದಿಂದ ಸತ್ತರೂ ಜ್ಯೋತಿ ಎರಡು ಲಕ್ಷ ಕೊಡುತ್ತದೆ; ಅಪಘಾತದಲ್ಲಿ ಸತ್ತರೆ ಸುರಕ್ಷಾ ಎರಡು ಲಕ್ಷ. ಕಾಗದದ ಮೇಲೆ ಇದಕ್ಕಿಂತ ಅಗ್ಗದ ವಿಮೆ ಭೂಮಿಯ ಮೇಲೆ ಎಲ್ಲೂ ಸಿಗಲಿಕ್ಕಿಲ್ಲ. ದಿನಕ್ಕೆ ಒಂದೂಕಾಲು ರೂಪಾಯಿ ಎಂದು ಸರಕಾರವೇ ಲೆಕ್ಕ ಕೊಟ್ಟಿದೆ. ನಮ್ಮ ಬಳ್ಳಾರಿಯಲ್ಲಿ ಒಗ್ಗರಣೆಯ ಪ್ಲೇಟಿಗೆ ಮೆಣಸಿನಕಾಯಿ ಬಜ್ಜಿ ಬೇಡ ಎಂದರೆ ಉಳಿಯುವ ದುಡ್ಡಿನಲ್ಲಿ ವಾರವಿಡೀ ಜೀವಕ್ಕೆ ಬೆಲೆ ಬರುತ್ತದೆ.

ತೊಡಕು ಮಾರಾಟದಲ್ಲಿದೆ. ಇದನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ, ಅದು ‘ಆಗುತ್ತದೆ’. ಬ್ಯಾಂಕಿನ ಕೌಂಟರಿನಲ್ಲಿ ಆಗುವ ಬಗೆ ಹೀಗೆ:

‘ಸಾರ್, ಗೃಹಲಕ್ಷ್ಮಿ ಎರಡು ಸಾವಿರ ಬಂದಿತ್ತಲ್ಲ, ಕಮ್ಮಿ ಐತಿ ಅಂತಾರ.’

‘436 ಕಟ್ ಆಗೈತಮ್ಮ, ಇನ್ಸೂರೆನ್ಸು.’

‘ಯಾರು ಮಾಡ್ಸಿದ್ದು ಸಾರ್?’

‘ನೀನೇ ಹೆಬ್ಬೆಟ್ಟು ಒತ್ತೀಯಲ್ಲಮ್ಮ. ನೀನು ಸತ್ರೆ ಎರಡು ಲಕ್ಷ ಬರ್ತೈತಿ.’

‘ಸತ್ತ ಮ್ಯಾಲೆ ನಾನೇನ್ ಮಾಡ್ಲಿ ಸಾರ್? ಈಗ ಅದನ್ನ ಕೊಡ್ರಿ, ಸಿಲಿಂಡರ್ ತರ್ಬೇಕು.’

ಈ ಸಂಭಾಷಣೆಯಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆಕೆ ಹೆಬ್ಬೆಟ್ಟು ಒತ್ತಿದ್ದು ನಿಜ, ಯಾವುದಕ್ಕೆಂದು ಗೊತ್ತಿರಲಿಲ್ಲ ಎನ್ನುವುದೂ ನಿಜ. ಆತನಿಗೆ ಮೇಲಿನಿಂದ ಟಾರ್ಗೆಟ್ ಬಂದಿದ್ದು ನಿಜ. ಮುಂದಿನ ವರ್ಷ ಮೇ 31ಕ್ಕೆ ಖಾತೆಯಲ್ಲಿ 436 ಇಲ್ಲದೆ ಪಾಲಿಸಿ ತಾನಾಗಿ ನಂದಿಹೋಗುವುದೂ ನಿಜ. ನಂದಿದ್ದು ಆಕೆಗೆ ತಿಳಿಯುವುದಿಲ್ಲ, ಹೊತ್ತಿದ್ದೇ ತಿಳಿದಿರಲಿಲ್ಲವಲ್ಲ. ಮತ್ತೆ ಹೊತ್ತಿಸಿದರೆ ಮೊದಲ 30 ದಿನ ರೋಗದಿಂದ ಸಾಯುವಂತಿಲ್ಲ, ಅಪಘಾತಕ್ಕೆ ಅಭ್ಯಂತರವಿಲ್ಲ. ವಯಸ್ಸು 55 ದಾಟಿತೋ, ಜ್ಯೋತಿ ಕಾಯಂ ಆರುತ್ತದೆ. ಅಷ್ಟು ಹೊತ್ತಿಗೆ ಬಡವರು ಸಾಯುವ ವಯಸ್ಸು ಮುಗಿದಿರುತ್ತದೆಂದು ಅಂದಾಜು.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಹತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಸರಕಾರ ಕೊಟ್ಟ ಅಂಕಿಗಳ ಪ್ರಕಾರ 2025ರ ಏಪ್ರಿಲ್ ಹೊತ್ತಿಗೆ ಸುರಕ್ಷಾದಲ್ಲಿ 51 ಕೋಟಿ ನೋಂದಣಿಗಳಾಗಿದ್ದವು. ಹತ್ತು ವರ್ಷದಲ್ಲಿ ಪರಿಹಾರ ಸಿಕ್ಕಿದ್ದು ಸುಮಾರು 1 ಲಕ್ಷ 57 ಸಾವಿರ ಪ್ರಕರಣಗಳಿಗೆ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ನೀರಿಗೆ ಬಿದ್ದವರು, ಕರೆಂಟು ಹೊಡೆದವರು, ಮರದಿಂದ ಬಿದ್ದವರು ಈ ಲೆಕ್ಕಕ್ಕೇ ಬಂದಿಲ್ಲ. ಒಂದು ವರ್ಷದ ರಸ್ತೆ ಹೆಣಗಳಷ್ಟೂ ಹತ್ತು ವರ್ಷದ ಚೆಕ್ಕುಗಳಿಲ್ಲ. ಭಾರತದಲ್ಲಿ ವಿಮೆ ಮಾಡಿಸಿದವರಿಗೆ ಅಪಘಾತವೇ ಆಗುವುದಿಲ್ಲ ಎಂದು ಹೆಮ್ಮೆ ಪಡುವವರು ಪಡಬಹುದು. ಪಾಲಿಸಿ ಇರುವುದೇ ಮನೆಯವರಿಗೆ ಗೊತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಗೊತ್ತಿದ್ದವರಿಗೂ ಪರೀಕ್ಷೆ ಇದೆ. ಹಾವು ಕಡಿದರೆ, ಮರದಿಂದ ಬಿದ್ದರೆ ತಕ್ಷಣದ ಆಸ್ಪತ್ರೆ ದಾಖಲೆ ಬೇಕೆಂದು ಸುರಕ್ಷಾದ ನಿಯಮವೇ ಹೇಳುತ್ತದೆ. ಸಿರುಗುಪ್ಪದ ಹೊಲದಲ್ಲಿ ಹಾವು ಕಡಿದಾಗ ಮೊದಲು ಓಡುವುದು ಮಂತ್ರ ಹಾಕುವವರ ಮನೆಗೆ. ಅವರಿನ್ನೂ ಡಿಸ್ಚಾರ್ಜ್ ಸಮ್ಮರಿ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ. ಅಂಗಾಂಗಗಳಿಗೂ ದರಪಟ್ಟಿ ಇದೆ. ಎರಡು ಕಣ್ಣು ಹೋದರೆ ಎರಡು ಲಕ್ಷ, ಒಂದಾದರೆ ಒಂದು ಲಕ್ಷ; ಕೈಗೂ ಕಾಲಿಗೂ ಅದೇ ಲೆಕ್ಕ. ಹೋಗುವುದೆಂದರೆ ಪೂರ್ತಿ ಹೋಗಬೇಕು, ಮರಳಿ ಬಾರದಂತೆ. ಕಾಲು ಮುರಿದು ಮೂರು ತಿಂಗಳು ಮಂಚ ಹಿಡಿದು, ಕೂಲಿ ಹೋಗಿ, ಸಂಘದ ಕಂತು ತಪ್ಪಿ, ಮಗಳ ಶಾಲೆ ಬಿಡಿಸಿ, ಆಮೇಲೆ ಕುಂಟುತ್ತಾ ಎದ್ದು ನಿಂತವನಿಗೆ ಸೊನ್ನೆ. ಬಡವರ ಮನೆ ಮುಳುಗುವುದು ಬಹುಪಾಲು ಹೀಗೆ, ಮೂರು ತಿಂಗಳ ಕೂಲಿಯಲ್ಲಿ. ಆದರೆ ವಿಮೆಗೆ ಅರ್ಧಮರ್ಧ ಕೆಲಸ ಹಿಡಿಸುವುದಿಲ್ಲ.

ದನಗಳ ವಿಷಯದಲ್ಲೂ ಇದೇ ಶಿಸ್ತು. ಎಮ್ಮೆ ಸತ್ತರೆ ವಿಮೆಗೆಂದು ಚುಚ್ಚಿದ ಕಿವಿಯ ಓಲೆ ಸಮೇತ ಸಾಯಬೇಕು. ಬೇಲಿಗೆ ಸಿಕ್ಕಿ ಓಲೆ ಹರಿದುಕೊಂಡ ಎಮ್ಮೆ ಸತ್ತರೆ ಅದು ಎಮ್ಮೆಯೆಂದು ರುಜುವಾತಾಗುವುದಿಲ್ಲ. ಮುಂದಕ್ಕೆ, ಬೆಳೆಯ ಕಡೆಗೆ ಹೋಗೋಣ.

ಸಿರುಗುಪ್ಪಕ್ಕೆ ಬಂದೆವು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ ಎಂದು ನಾವು ಕರೆಯುವ ವೇದಾವತಿ, ನಡುವೆ ಕಾಲುವೆ. ಕಣ್ಣು ಹಾಯುವಷ್ಟೂ ನೆಲ್ಲು, ಊರ ತುಂಬ ರೈಸ್‌ಮಿಲ್ಲು. ಬೆಳೆ ವಿಮೆ ಎಂದರೆ ಇಲ್ಲಿಯ ರೈತ ಕಿವಿ ನಿಮಿರಿಸಬೇಕು. ನದಿ ಉಕ್ಕಿದರೆ ಮೊದಲು ಮುಳುಗುವುದು ಅವನ ಗದ್ದೆ. 2009ರ ಅಕ್ಟೋಬರಿನ ನೆರೆಯನ್ನು ಇಲ್ಲಿಯ ಹಳ್ಳಿಗಳು ಮರೆತಿಲ್ಲ. 2016ರ ಮುಂಗಾರಿನಲ್ಲಿ ಫಸಲ್ ಬಿಮಾ ಬಂತು. ಮುಂಗಾರು ಬೆಳೆಗೆ ವಿಮೆ ಮೊತ್ತದ ಶೇ. 2, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗಳಿಗೆ 5 ರೈತ ಕಟ್ಟಬೇಕು, ಉಳಿದ ಪ್ರೀಮಿಯಂ ಸರಕಾರಗಳದು. ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ ಆ ಒಬ್ಬ ರೈತನ ನಷ್ಟವನ್ನೇ ಬಂದು ನೋಡುತ್ತಾರೆ, ಗೊತ್ತುಮಾಡಿದ ಗಡುವಿನೊಳಗೆ ತಿಳಿಸಿದರಾಯಿತು. ಚೆನ್ನಾಗಿತ್ತು.

2018ರಲ್ಲಿ ನಿಯಮ ತಿದ್ದಿದರು. ನೀರು ಬಯಸುವ ಬೆಳೆಗಳಿಗೆ ಮುಳುಗಡೆಯ ಈ ಸೌಲಭ್ಯ ಇಲ್ಲ. ಯಾವುವು ಆ ಬೆಳೆಗಳು? ಭತ್ತ, ಕಬ್ಬು, ಸೆಣಬು, ಮೆಸ್ತಾ. ಭತ್ತಕ್ಕೆ ನೀರೆಂದರೆ ಇಷ್ಟವಲ್ಲವೇ, ಇಷ್ಟವಾದದ್ದು ತುಸು ಹೆಚ್ಚು ಬಂದರೆ ನಷ್ಟ ಹೇಗಾಗುತ್ತದೆ? ತರ್ಕ ಎಷ್ಟು ಚೊಕ್ಕವಾಗಿದೆ ನೋಡಿ. ಇದೇ ಪ್ರಕಾರ ಮೀನುಗಾರ ನೀರಿನಲ್ಲಿ ಸತ್ತರೆ ಅದು ಸಹಜ ಮರಣ, ಬಳ್ಳಾರಿಯವನು ಬಿಸಿಲಿಗೆ ಸತ್ತರೆ ಅದು ಊರ ಅಭಿಮಾನ. ಕಾಗದದ ಮೇಲೆ ಕೊಟ್ಟ ಕಾರಣ ಇನ್ನೂ ಸೊಗಸು: ಮುಳುಗಿದ ಬೆಳೆಯ ನಷ್ಟ ಅಳೆಯುವುದು ಕಷ್ಟ, ಮೇಲಾಗಿ ವಿಮೆ ಇದೆಯೆಂದು ರೈತರು ಮೈಮರೆಯಬಹುದು. ಅಂದರೆ ಸಿರುಗುಪ್ಪದ ರೈತ ನಡುರಾತ್ರಿ ಎದ್ದು ಹೋಗಿ ತುಂಗಭದ್ರೆಯ ಕೈಹಿಡಿದು ಕರೆತಂದು ಗದ್ದೆಯಲ್ಲಿ ಮಲಗಿಸುತ್ತಾನೆಂಬ ಅಂಜಿಕೆ ದಿಲ್ಲಿಯಲ್ಲಿ ಇತ್ತು. ಇಡೀ ಊರಿನ ಸರಾಸರಿ ಇಳುವರಿ ಬಿದ್ದರೆ ಬೇರೆ ಮಾತು. ನದಿಯ ದಂಡೆಯ ನಾಲ್ಕು ಗದ್ದೆ ಮುಳುಗಿದವರಿಗೆ ದಾರಿ ಬಂದ್. ಮುಳುಗಿದ ಭತ್ತಕ್ಕೂ ನಷ್ಟವಾಗುತ್ತದೆ ಎನ್ನುವುದು ಮತ್ತೆ ಹೊಳೆದದ್ದು 2025ರ ನವೆಂಬರಿನಲ್ಲಿ. 2026ರ ಮುಂಗಾರಿನಿಂದ ಅದನ್ನು ಪುನಃ ಸೇರಿಸುವುದಾಗಿ ಕೇಂದ್ರ ಹೇಳಿತು. ನಡುವಿನ ವರ್ಷಗಳಲ್ಲಿ ಮುಳುಗಿದ ನೆಲ್ಲಿಗೆ ಏನಾಯಿತು ಎಂದು ಕೇಳಬೇಡಿ. ಅದು ಇಷ್ಟಪಟ್ಟು ಸತ್ತಿತು.

ಕೊಯ್ದ ಮೇಲೂ ವಿಮೆ ಇದೆ, 14 ದಿನ. ಕೊಯ್ದ ಬೆಳೆ ಹೊಲದಲ್ಲೇ ಒಣಗಲು ಹರವಿರಬೇಕು. ನಮ್ಮವರು ಮಿಷನ್ನಿನಲ್ಲಿ ಕೊಯ್ಯಿಸಿ ನೆಲ್ಲನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ, ಕಣ ಇದ್ದರೆ ತಾನೇ. ಅಕಾಲದ ಮಳೆ ರಸ್ತೆಗೆ ಬಿದ್ದರೆ ಅದು ಲೋಕೋಪಯೋಗಿ ಇಲಾಖೆಗೆ ಸೇರಿದ ಸಂಗತಿ.

ಇನ್ನು ಸರಾಸರಿಯ ಮಹಿಮೆ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಭತ್ತಕ್ಕಾದರೆ ಐದು ಮೀಟರ್ ಉದ್ದ ಐದು ಮೀಟರ್ ಅಗಲದ ತುಂಡು ಗುರುತಿಸಿ, ಕೊಯ್ದು, ತೂಗಿ, ಬರೆದುಕೊಳ್ಳುತ್ತಾರೆ. ಕಳೆದ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿಯಿಂದ ಒಂದು ಗೆರೆ ಎಳೆದಿರುತ್ತಾರೆ. ಪಂಚಾಯಿತಿಯ ಇಳುವರಿ ಆ ಗೆರೆಯ ಕೆಳಗೆ ಬಿದ್ದರೆ ಎಲ್ಲರಿಗೂ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. ಹೀಗಾಗಿ ಕುರುಗೋಡಿನ ಕಾಲುವೆಯ ತುದಿಯಲ್ಲಿ, ನೀರು ಬಾರದೆ ಒಣಗಿದ ನಾಲ್ಕು ಎಕರೆಯವನು ದೊಡ್ಡ ಬಸವೇಶ್ವರನ ಮುಂದೆ ಕೈಮುಗಿದು ತನ್ನ ಹೊಲಕ್ಕೆ ಮಳೆ ಕೇಳಿದರೆ ಪ್ರಯೋಜನವಿಲ್ಲ. ಕಾಲುವೆಯ ತಲೆಯಲ್ಲಿರುವ ತನ್ನ ಷಡ್ಡಕನ ಹೊಲವೂ ಒಣಗಲೆಂದು ಬೇಡಬೇಕು. ನೆರೆಯವನ ಏಳಿಗೆಯನ್ನು ನೋಡಿ ಹೊಟ್ಟೆಕಿಚ್ಚು ಪಡಬಾರದೆಂದು ಶತಮಾನಗಳಿಂದ ಹೇಳುತ್ತ ಬಂದ ನಾಡಿನಲ್ಲಿ ಹೊಟ್ಟೆಕಿಚ್ಚಿಗೆ ಮೊದಲ ಸಲ ಶಾಸನಬದ್ಧ ಆಧಾರ ಸಿಕ್ಕಿದೆ.

ಪರಿಹಾರ ಬಂದೇಬಿಟ್ಟಿತು ಎನ್ನಿ. ಯಾರ ಖಾತೆಗೆ? ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಕಾಲುವೆ ನೀರಿನ ಈ ಸೀಮೆಯಲ್ಲಿ ಬೇರೆಯವರ ಗದ್ದೆಯನ್ನು ಗುತ್ತಿಗೆಗೆ ಮಾಡುವವರು ಬೇಕಾದಷ್ಟು ಮಂದಿ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರು ಎಲ್ಲ ಅವರ ಸಾಲ. ಗುತ್ತಿಗೆ ರೈತರೂ ವಿಮೆ ಮಾಡಿಸಬಹುದು ಎಂದು ಯೋಜನೆ ಉದಾರವಾಗಿ ಹೇಳುತ್ತದೆ. ಗುತ್ತಿಗೆಯ ಕರಾರುಪತ್ರ ತಂದರೆ ಸಾಕು. ಕರ್ನಾಟಕದ ಭೂಸುಧಾರಣಾ ಕಾನೂನು, 1974ರ ತಿದ್ದುಪಡಿಯ ನಂತರ, ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಬೇರಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ ಎನ್ನುತ್ತದೆ. ಕಾನೂನು ಬರೆಯಬೇಡ ಎಂದ ಕಾಗದವನ್ನೇ ವಿಮೆ ತಾ ಎನ್ನುತ್ತದೆ. ಸಿರುಗುಪ್ಪದಲ್ಲಿ ಎಷ್ಟು ನಾವಿಕರಿದ್ದಾರೋ ಎಣಿಸಿ ನೋಡಬೇಕು. ನೆರೆ ಬಂದ ವರ್ಷ ಎಲ್ಲರೂ ನಾವಿಕರೇ.

ಪಹಣಿಯಿದ್ದರೂ ಬಚಾವಾದೆವು ಅಂದುಕೊಳ್ಳಬೇಡಿ. ಬೆಳೆ ಸಮೀಕ್ಷೆಯ ಹುಡುಗ ಮೊಬೈಲಿನಲ್ಲಿ ಹೊಲದ ಫೋಟೋ ತೆಗೆದು ಹತ್ತಿ ಎಂದು ಬರೆದು, ರೈತ ಮೆಣಸಿನಕಾಯಿಗೆ ಪ್ರೀಮಿಯಂ ಕಟ್ಟಿದ್ದರೆ ಅರ್ಜಿ ತಿರಸ್ಕೃತ. ಮೆಣಸಿನಕಾಯಿ ಎಂದಾಗ ನೆನಪಾಯಿತು. ಕುರುಗೋಡು, ಬಳ್ಳಾರಿ ಸೀಮೆಯ ಕೆಂಪು ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. 2024ರ ಮಾರ್ಚ್ 11ರಂದು ಅಲ್ಲಿ ಬೆಲೆ ಕುಸಿದು ರೈತರು ಎಪಿಎಂಸಿ ಕಚೇರಿಗೆ ಬೆಂಕಿ ಇಟ್ಟದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ. ಆ ವರ್ಷ ಬೆಳೆ ಬಂದಿತ್ತು, ಹೋದದ್ದು ಬೆಲೆ. ಬೆಲೆ ಬಿದ್ದರೆ ವಿಮೆ ಇಲ್ಲ. ಒಣಗಿದರೆ ಅರ್ಜಿ, ಮುಳುಗಿದರೆ ನಿಯಮ, ಚೆನ್ನಾಗಿ ಬೆಳೆದರೆ ಬೆಂಕಿ.

ಅಣೆಕಟ್ಟಿಗೂ ಇದೇ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ಹರಿದು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ದಿನಗಟ್ಟಲೆ ನದಿಗೆ ಹೋಯಿತು. ಮರುವರ್ಷ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಮಳೆ ಕೈಕೊಟ್ಟು ಬಿತ್ತಲಾಗದಿದ್ದರೆ ಫಸಲ್ ಬಿಮಾದಲ್ಲಿ ಒಂದಷ್ಟು ಪರಿಹಾರದ ದಾರಿ ಇದೆ. ಗೇಟು ಕೈಕೊಟ್ಟರೆ ಇಲ್ಲ. ಮೋಡ ಮಾಡಿದ ತಪ್ಪಿಗೆ ಕಂಪನಿ ಹೊಣೆ, ಎಂಜಿನಿಯರು ಮಾಡಿದ ತಪ್ಪಿಗೆ ರೈತ ಹೊಣೆ.

ಇದಕ್ಕೆಲ್ಲ ಉಪಾಯ ಯಾರಿಗೂ ಹೊಳೆದಿರಲಿಲ್ಲ ಎಂದು ತಿಳಿಯಬಾರದು. 1920ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ ಬೆಳೆ ವಿಮೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹೊಲಹೊಲ ಅಳೆಯುವುದು ಬೇಡ, ಮಳೆಮಾಪಕ ನೋಡಿ, ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ದುಡ್ಡು ಕೊಟ್ಟುಬಿಡಿ ಎಂಬುದು ಅವರ ಸಲಹೆಯ ಸಾರ. ಅರ್ಜಿ, ಫೋಟೋ, ತಿರಸ್ಕಾರ ಯಾವುದೂ ಬೇಕಿಲ್ಲ. ಅದು ಜಾರಿಯಾಗಲಿಲ್ಲ. 83 ವರ್ಷ ಬಿಟ್ಟು, 2003ರಲ್ಲಿ, ವಿಶ್ವಬ್ಯಾಂಕಿನ ಬೆಂಬಲದೊಂದಿಗೆ ಅದೇ ಉಪಾಯ ಹೊಸ ಆವಿಷ್ಕಾರವಾಗಿ ಮೆಹಬೂಬ್‌ನಗರದ ಶೇಂಗಾ ಬೆಳೆಗಾರರ ಮುಂದೆ ಬಂತು. ಬಳ್ಳಾರಿ ಆಗ, ಅಂದರೆ 1920ರಲ್ಲಿ, ಮದ್ರಾಸಿಗೆ ಸೇರಿತ್ತು, ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ಚಕ್ರವರ್ತಿಗಳ ಮಾತು ಕೇಳಲಿಲ್ಲ ಎಂಬ ಆರೋಪದಿಂದ ನಾವು ಪಾರು.

ಈಗ ಬಳ್ಳಾರಿ ನಗರದೊಳಗೆ ಬನ್ನಿ. ಇಲ್ಲಿ ಕೆಲವು ಓಣಿಗಳಲ್ಲಿ ಮನೆಮನೆಯಲ್ಲೂ ಹೊಲಿಗೆ ಮಿಷನ್ನು, ಜೀನ್ಸ್ ಪ್ಯಾಂಟಿನ ಪೀಸ್ ಲೆಕ್ಕದ ಕೆಲಸ. ಒಂದೇ ಸೂರಿನಡಿ ಹತ್ತು ಜನ ದುಡಿದರೆ ಇಎಸ್‌ಐ ಬರುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ನಿಜವಾದ ವಿಮೆ ಅದು. ಅದಕ್ಕೇ ಜೀನ್ಸಿನ ಒಂದು ಕಾಲು ಒಂದು ಮನೆಯಲ್ಲಿ, ಇನ್ನೊಂದು ಕಾಲು ಪಕ್ಕದ ಮನೆಯಲ್ಲಿ, ಜೇಬು ಮೂರನೆಯ ಮನೆಯಲ್ಲಿ. ಹತ್ತು ಎನ್ನುವ ಸಂಖ್ಯೆ ಈ ಊರಿನಲ್ಲಿ ಎಲ್ಲೂ ಪೂರ್ತಿಯಾಗುವುದಿಲ್ಲ.

ಈ ಹೊಲಿಗೆಯ ಹೆಂಗಸರಿಗೆ ಸಿಗುವುದು ಇನ್ನೊಂದು ಬಗೆಯ ವಿಮೆ, ವಾರದ ಕಂತಿನ ಸಾಲದ ಬೆನ್ನಿಗೆ ಅಂಟಿಕೊಂಡು ಬರುವಂಥದು. ಸಾಲ 50,000 ಎಂದು ಕಾರ್ಡಿನಲ್ಲಿ ಬರೆದಿರುತ್ತದೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ‘ಏನ್ ಸಾರ್, ಪೂರಾ ಇಲ್ಲಲ್ಲ?’ ‘ಪ್ರೊಸೆಸಿಂಗ್ ಅಕ್ಕಾ, ಇನ್ಸೂರೆನ್ಸ್ ಅಕ್ಕಾ.’ ಈ ಇನ್ಸೂರೆನ್ಸು ಏನು ಮಾಡುತ್ತದೆ? ಸಾಲ ಪಡೆದವಳು ಸತ್ತರೆ ಉಳಿದ ಸಾಲವನ್ನು ಕಂಪನಿಗೆ ಮೊದಲು ತೀರಿಸುತ್ತದೆ. ಏನಾದರೂ ಮಿಕ್ಕಿದರೆ ಮನೆಯವರಿಗೆ. ಸಾಲ ಕೊಟ್ಟವನ ದುಡ್ಡು ಮುಳುಗದಂತೆ ಸಾಲ ತೆಗೆದುಕೊಂಡವಳು ಪ್ರೀಮಿಯಂ ಕಟ್ಟುತ್ತಾಳೆ, ಆ ಪ್ರೀಮಿಯಂ ಮೇಲೆ ಬಡ್ಡಿಯನ್ನೂ ಕಟ್ಟುತ್ತಾಳೆ. ಕುರಿಯೇ ಕಟುಕನ ಕತ್ತಿಗೆ ಸಾಣೆ ಹಿಡಿಸಿಕೊಟ್ಟಂತೆ. ನ್ಯಾಯವಾಗಿ ಹೇಳಬೇಕೆಂದರೆ ಸತ್ತವಳ ಗಂಡನಿಗೆ ಸಾಲದ ಹೊರೆ ಉಳಿಯುವುದಿಲ್ಲ, ಅಷ್ಟು ಮಟ್ಟಿಗೆ ಉಪಕಾರ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಸ್ಪಷ್ಟವಾಗಿದೆ: ಸಾಲದ ಹೊರತಾದ ಯಾವುದನ್ನೇ ಕೊಡುವುದಿದ್ದರೂ ಸಾಲಗಾರರ ಪೂರ್ಣ ಒಪ್ಪಿಗೆ ಬೇಕು, ಶುಲ್ಕವನ್ನು ಸಾಲದ ಕಾರ್ಡಿನಲ್ಲೇ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು. ಒಪ್ಪಿಗೆ ಪೂರ್ಣವೇ ಇರುತ್ತದೆ. ಒಪ್ಪದಿದ್ದರೆ ಸಾಲ ಇಲ್ಲ ಎಂದಾಗ ಒಪ್ಪದವರನ್ನು ನಾನಿನ್ನೂ ಕಂಡಿಲ್ಲ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಿರುಕುಳದ ವಿರುದ್ಧ ಯಾರೂ ಪಾಲಿಸಿ ಮಾರುವುದಿಲ್ಲ, ಗಮನಿಸಿ.

ಬಿಸಿಲಿಗೂ ವಿಮೆ ಬಂದಿದೆಯಂತೆ. 2024ರಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳ ಸುಮಾರು 50,000 ದುಡಿಯುವ ಹೆಂಗಸರಿಗೆ ‘ಸೇವಾ’ ಎಂಬ ಸಂಘಟನೆಯ ಮೂಲಕ ಒಂದು ಪ್ರಯೋಗ ನಡೆಯಿತು. ತಾಪಮಾನ 40 ಡಿಗ್ರಿ ಮುಟ್ಟಿದರೆ ಖಾತೆಗೆ 400 ರೂಪಾಯಿ, ಇನ್ನೂ ಮೇಲೇರಿದರೆ ವಿಮೆಯ ಹಣ. ಅರ್ಜಿ ಬೇಡ, ಥರ್ಮಾಮೀಟರೇ ಸಾಕ್ಷಿ. ಇದನ್ನು ಓದಿದ ಕೂಡಲೇ ನನಗೆ ಆ ಕಂಪನಿಯ ಮೇಲೆ ಕನಿಕರ ಬಂತು. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲವಿರುವ ಬಳ್ಳಾರಿಗೆ ಅವರೇನಾದರೂ ಬಂದರೆ ಏಪ್ರಿಲ್ ಮೊದಲ ವಾರಕ್ಕೆ ದಿವಾಳಿ. ಬರಲಿಕ್ಕಿಲ್ಲ ಬಿಡಿ. ಬಂದರೂ ಪಾಲಿಸಿಯ ಮೂರನೆಯ ಪುಟದಲ್ಲಿ ‘ಬಿಸಿಲು ಬಯಸುವ ಜನ’ ಎಂದೊಂದು ವರ್ಗ ಮಾಡಿ ನಮ್ಮನ್ನು ಭತ್ತದ ಪಕ್ಕದಲ್ಲಿ ಕೂರಿಸುತ್ತಾರೆ.

ಇಷ್ಟೆಲ್ಲ ಬೈದ ಮೇಲೆ, ಬಡವರಿಗೆ ವಿಮೆಯೇ ಬೇಡವೇ ಎಂದು ಕೇಳುವವರಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. 2003ರ ಜೂನ್‌ನಲ್ಲಿ ಯಶಸ್ವಿನಿ ಶುರುವಾಯಿತು. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ಕಟ್ಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಸಂಘದ ಕಾರ್ಯದರ್ಶಿ ಊರವನೇ, ಕಟ್ಟಿದ್ದು ಯಾಕೆಂದು ಕಟ್ಟಿದವನಿಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಡುತ್ತಾರೆಯೇ? 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು, ಆಮೇಲೆ ಅದು ಬೇಕಿತ್ತೆಂದು ಹೊಳೆದು 2023ರ ಜನವರಿಯಿಂದ ಮತ್ತೆ ನಡೆಸಿದರು. ಟಿ. ನರಸೀಪುರದಲ್ಲಿ ಕರುಣಾ ಟ್ರಸ್ಟ್ 2002ರ ಹೊತ್ತಿಗೆ ಇನ್ನೂ ಸಣ್ಣದೊಂದು ಪ್ರಯೋಗ ಮಾಡಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಮಲಗಿದ ದಿನಕ್ಕೆ ಔಷಧಿಗೆ ಐವತ್ತು, ತಪ್ಪಿದ ಕೂಲಿಗೆ ಐವತ್ತು. ತಪ್ಪಿದ ಕೂಲಿ! ಕೂಲಿಯವನ ಆಸ್ತಿ ಅದೊಂದೇ ಎಂದು ಯಾರಿಗೋ ತಿಳಿದಿತ್ತು.

ನಮ್ಮ ಕಡೆಯ ಸಾಕ್ಷಿ ಇನ್ನೂ ಗಟ್ಟಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ಆಗಿನ ಗುಲ್ಬರ್ಗಾ ವಿಭಾಗಕ್ಕೆ, ಬಳ್ಳಾರಿಯೂ ಅದರೊಳಗೇ. ಬಿಪಿಎಲ್ ಕಾರ್ಡಿದ್ದರೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗೆ ದೊಡ್ಡಾಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ಪ್ರೀಮಿಯಂ ಇಲ್ಲ, ಸೇರುವ ಅರ್ಜಿ ಇಲ್ಲ, ನವೀಕರಣ ಇಲ್ಲ. ಯೋಜನೆ ಇದ್ದ ಕಡೆಯ ಮತ್ತು ಗಡಿಯಾಚೆ ಇಲ್ಲದ ಕಡೆಯ 572 ಹಳ್ಳಿಗಳನ್ನು ಹೋಲಿಸಿ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಯೋಜನೆಯೊಳಗಿನ ಕಾಯಿಲೆಗಳಿಂದಾಗುವ ಸಾವು ಇಲ್ಲಿಯ ಬಡವರಲ್ಲಿ ಶೇ. 64ರಷ್ಟು ಕಡಿಮೆ. ಬಡವರಿಂದ ಹೆಬ್ಬೆಟ್ಟು ಒತ್ತಿಸದೆ, ಕಾರ್ಡು ಉಜ್ಜಿಸದೆ, ಮೇ 31 ಕಾಯಿಸದೆ ಕೊಟ್ಟದ್ದು ಕೆಲಸ ಮಾಡಿತು. ಸತ್ತ ಮೇಲೆ ಎರಡು ಲಕ್ಷ ಕೊಡುವುದಕ್ಕಿಂತ ಸಾಯದಂತೆ ನೋಡಿಕೊಳ್ಳುವುದೇ ಒಳ್ಳೆಯ ವಿಮೆ ಎಂಬುದಕ್ಕೆ ಬಳ್ಳಾರಿಗೆ ಬೇರೆ ಪುರಾವೆ ಬೇಕಿಲ್ಲ.

ಅಂಥ ವಿಮೆ ಎಲ್ಲಕ್ಕೂ ಬರುವವರೆಗೆ, ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಗೆಲಸದಾಕೆ, ಗಾಡಿಯವನು, ಹೊಲದ ಆಳು, ಯಾರಾದರೂ ಸರಿ, ಅವರ ಖಾತೆಯಲ್ಲಿ ಮೇ ಕೊನೆಯ ವಾರ 456 ರೂಪಾಯಿ ಇರುವಂತೆ ನೋಡಿಕೊಳ್ಳಲು ಹೇಳಿ. ನಾಮಿನಿಯ ಹೆಸರು ಸರಿಯಾಗಿದೆಯೇ ಕೇಳಿ. ಅವರ ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮೇ, ಜೂನ್ ತಿಂಗಳ ಸಾಲುಗಳನ್ನು ಓದಿ. 436 ಅಥವಾ 20 ಕಟ್ಟಾಗಿದ್ದರೆ, ಹಳೆಯದಾದರೆ 330 ಅಥವಾ 12, ಪಾಲಿಸಿ ಇತ್ತು ಎಂದರ್ಥ. ಮರಣ ಪ್ರಮಾಣಪತ್ರ ಹಿಡಿದು ಹೋಗಿ ಕೇಳಿ. ಬ್ಯಾಂಕಿನವರು ತಾವಾಗಿ ಕರೆದು ಕೊಡುವುದಿಲ್ಲ.